ಆ ಎರಡನೆಯ ಕಿಕ್ ಎಲ್ಲಿ?

ಪ್ರಿಯರೆ,

ನಿಮ್ಮ ‘ಮನೋಬಲವೇ ಮಹಾಬಲ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ‘ಸ್ಥಳಾಭಾವದಿಂದ ವಿಷಾದ’ ಎಂಬ ಒಂದು ಸಾಲಿನ ಪತ್ರ ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಸ್ಥಳವೇನೋ ಇದೆ. ಲೇಖನದಲ್ಲಿ ಕೆಲಸ ಬಾಕಿ ಇದೆ. ಅದನ್ನು ನೀವು ಮಾಡಬಲ್ಲಿರಿ ಅನ್ನಿಸಿದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಮೆಚ್ಚಿದ್ದನ್ನು ಹೇಳಿಬಿಡುತ್ತೇನೆ. ನೀವು ಇಟಲಿಯ ಆಟಗಾರ ರಾಬರ್ಟೊ ಬ್ಯಾಜಿಯೊನನ್ನು ಆರಿಸಿಕೊಳ್ಳಲಿಲ್ಲ. ಫುಟ್‌ಬಾಲ್ ಮತ್ತು ಮನಸ್ಸು ಎಂದೊಡನೆ ನಮ್ಮ ಮೇಜಿಗೆ ಬರುವ ಹತ್ತು ಲೇಖನಗಳಲ್ಲಿ ಎಂಟು 1994ರ ವಿಶ್ವಕಪ್ ಫೈನಲ್‌ನಿಂದಲೇ ಶುರುವಾಗುತ್ತವೆ. ಬ್ಯಾಜಿಯೊ ಒಬ್ಬನೇ ಪೆನಾಲ್ಟಿ ತಪ್ಪಿ ಇಟಲಿಯ ಕಪ್ ಕಳೆದ ಎಂದು ಎಂಟೂ ಲೇಖಕರು ನಂಬಿರುತ್ತಾರೆ. ಪಂದ್ಯ ನಿರ್ಣಯಿಸಿದ ಪೆನಾಲ್ಟಿ ಸರದಿಯಲ್ಲಿ ಅವನಿಗಿಂತ ಮೊದಲು ಅವನದೇ ತಂಡದ ಬರೇಸಿ ಮತ್ತು ಮಸ್ಸಾರೊ ತಪ್ಪಿದ್ದರು. ಬ್ಯಾಜಿಯೊ ಗೋಲು ಹೊಡೆದಿದ್ದರೂ ಬ್ರೆಜಿಲ್‌ಗೆ ಇನ್ನೊಂದು ಕಿಕ್ ಉಳಿದಿತ್ತು. ಇದನ್ನು ಬರೆಯುವವರೇ ಇಲ್ಲ. ಇರಲಿ. ನೀವು ಘಾನಾದ ಅಸಮೋವಾ ಗ್ಯಾನ್ ಅವರನ್ನು ಹಿಡಿದಿರಿ. ಒಳ್ಳೆಯ ಆಯ್ಕೆ. ಆದರೆ ಹಿಡಿದವರನ್ನು ಅರ್ಧ ದಾರಿಯಲ್ಲಿ ಬಿಟ್ಟುಬಿಟ್ಟಿರಿ.

ನಿಮ್ಮ ಲೇಖನದ ತಿರುಳು ಇದು: ಪ್ರತಿಭೆ ಎಷ್ಟೇ ಇರಲಿ, ಮನೋಬಲ ಇಲ್ಲದಿದ್ದರೆ ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು. ಅದಕ್ಕೆ ಸಾಕ್ಷಿ, 2010ರ ಜುಲೈ 2ರಂದು ಜೊಹಾನ್ಸ್‌ಬರ್ಗ್‌ನ ಸಾಕರ್ ಸಿಟಿಯಲ್ಲಿ ಉರುಗ್ವೆ ವಿರುದ್ಧ ಗ್ಯಾನ್ ತಪ್ಪಿಸಿಕೊಂಡ ಪೆನಾಲ್ಟಿ. (ಅದು ವಿಶ್ವಕಪ್ ಕ್ವಾರ್ಟರ್‌ಫೈನಲ್, ನೀವು ಸೆಮಿಫೈನಲ್ ಎಂದು ಬರೆದಿದ್ದೀರಿ. ಆ ಗೋಲು ಆಗಿದ್ದರೆ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ ಘಾನಾ ಆಗುತ್ತಿತ್ತು. ಆ ಗೌರವಕ್ಕೆ ಆಫ್ರಿಕಾ 2022ರಲ್ಲಿ ಮೊರಾಕ್ಕೊ ಗೆಲ್ಲುವವರೆಗೆ ಕಾಯಬೇಕಾಯಿತು. ಇಷ್ಟು ತೂಕದ ಕ್ಷಣದಲ್ಲಿ ಸುತ್ತು ಯಾವುದು ಎಂಬುದೇ ತಪ್ಪಾದರೆ ಓದುಗ ಮುಂದಿನ ಸಾಲನ್ನು ನಂಬುವುದಿಲ್ಲ.) ಚೆಂಡು ಕ್ರಾಸ್‌ಬಾರ್‌ಗೆ ಬಡಿದು ಮೇಲೆ ಹಾರಿತು. ‘ಪ್ರತಿಭೆ ಇತ್ತು, ಮನೋಬಲವಿರಲಿಲ್ಲ, ಘಾನಾ ಸೋತಿತು’ ಎಂದು ಪ್ಯಾರಾ ಮುಗಿಸಿದ್ದೀರಿ.

ಅಲ್ಲಿ ಮುಗಿಯುವುದಿಲ್ಲ. ಆ ರಾತ್ರಿಯ ನಿಜವಾದ ಕಥೆ ಶುರುವಾಗುವುದೇ ಅಲ್ಲಿಂದ.

ಕ್ರಮವಾಗಿ ನೋಡೋಣ. ಸ್ಕೋರ್ 1–1. ಹೆಚ್ಚುವರಿ ಅವಧಿಯ ಕೊನೆಯ ಉಸಿರು. ಉರುಗ್ವೆಯ ಗೋಲಿನ ಮುಂದೆ ನೂಕುನುಗ್ಗಲು. ಗೋಲುಗೆರೆಯ ಮೇಲೆ ನಿಂತಿದ್ದ ಲೂಯಿಸ್ ಸುವಾರೆಜ್ ಒಂದು ಹೊಡೆತವನ್ನು ಕಾಲಿನಿಂದ ತಡೆದರು. ಮರುಕ್ಷಣ ಡೊಮಿನಿಕ್ ಅಡಿಯಾ ತಲೆಯಿಂದ ಹೊಡೆದ ಚೆಂಡು ಒಳಗೆ ಹೋಗುತ್ತಿದ್ದಾಗ ಅದನ್ನು ಕೈಗಳಿಂದಲೇ ತಳ್ಳಿದರು. ರೆಡ್ ಕಾರ್ಡ್, ಪೆನಾಲ್ಟಿ. ಗ್ಯಾನ್ ಹೊಡೆದದ್ದು ಕ್ರಾಸ್‌ಬಾರ್‌ಗೆ ತಾಗಿತು. ಹೊರಗೆ ನಡೆಯುತ್ತಿದ್ದ ಸುವಾರೆಜ್ ಸುರಂಗದ ಬಾಯಲ್ಲಿ ನಿಂತು ಅದನ್ನು ನೋಡಿ ಕುಣಿದರು. ಹೆಚ್ಚುಕಡಿಮೆ ಇಷ್ಟನ್ನು ನೀವು ಬರೆದಿದ್ದೀರಿ, ಚೆನ್ನಾಗಿಯೇ ಬರೆದಿದ್ದೀರಿ.

ಆಮೇಲೆ ಶೂಟೌಟ್, ಅಂದರೆ ಎರಡೂ ತಂಡಗಳು ಸರದಿಯಲ್ಲಿ ಹೊಡೆಯುವ ಐದೈದು ಪೆನಾಲ್ಟಿ. ಉರುಗ್ವೆಯ ಪರ ಫೋರ್ಲಾನ್ ಮೊದಲು ಬಂದು ಗೋಲು ಹೊಡೆದರು. ಘಾನಾದ ಪರ ಮೊದಲು ಬಂದವರು ಯಾರು? ಗ್ಯಾನ್. ಕೆಲವೇ ನಿಮಿಷಗಳ ಹಿಂದೆ ಒಂದು ಖಂಡದ ಆಸೆಯನ್ನು ಮೇಲುಪಟ್ಟಿಗೆ ಬಡಿದಿದ್ದ ಅದೇ ಮನುಷ್ಯ, ಅದೇ ಕಾಲು, ಎದುರಿಗೆ ಅದೇ ಗೋಲ್‌ಕೀಪರ್ ಮುಸ್ಲೆರಾ. ಅವರು ಸುರಕ್ಷಿತವಾಗಿ ನೆಲಕ್ಕೆ ಹೊಡೆಯಲಿಲ್ಲ. ಮತ್ತೆ ಎತ್ತರಕ್ಕೇ ಹೊಡೆದರು, ಮೂಲೆಗೆ. ಗೋಲು.

ಈ ಎರಡನೆಯ ಕಿಕ್ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಗೊತ್ತಿರಲಿಲ್ಲವೋ, ವಾದಕ್ಕೆ ಒಗ್ಗುವುದಿಲ್ಲ ಎಂದು ಬಿಟ್ಟಿರೋ ನಾನರಿಯೆ. ಗೊತ್ತಿರಲಿಲ್ಲವಾದರೆ ಓದು ಸಾಲದು, ಅಷ್ಟೇ. ಬೇಕೆಂದೇ ಬಿಟ್ಟಿದ್ದರೆ ವಿಷಯ ಗಂಭೀರ.

ಇನ್ನು ನಿಮ್ಮ ಸೂತ್ರವನ್ನು ಇಡೀ ಲೆಕ್ಕಕ್ಕೆ ಹಚ್ಚಿ ನೋಡಿ. 2006ರ ವಿಶ್ವಕಪ್‌ನಲ್ಲಿ ಚೆಕ್ ಗಣರಾಜ್ಯದ ವಿರುದ್ಧ ಗ್ಯಾನ್ ಎರಡನೇ ನಿಮಿಷದಲ್ಲೇ ಗೋಲು ಹೊಡೆದರು, ಅದೇ ಪಂದ್ಯದಲ್ಲಿ ಪೆನಾಲ್ಟಿ ತಪ್ಪಿಸಿಕೊಂಡರು. 2010ರಲ್ಲಿ ಸರ್ಬಿಯಾ ವಿರುದ್ಧದ ಪೆನಾಲ್ಟಿ ಗೋಲಾಯಿತು, ಆಸ್ಟ್ರೇಲಿಯಾ ವಿರುದ್ಧದ್ದೂ ಗೋಲಾಯಿತು. ಉರುಗ್ವೆ ವಿರುದ್ಧ ಮೊದಲಿನದು ತಪ್ಪಿತು, ಎರಡನೆಯದು ಒಳಗೆ. ನಿಮ್ಮ ಪ್ರಕಾರ ಮನೋಬಲ 2006ರಲ್ಲಿ ಇರಲಿಲ್ಲ, ನಾಲ್ಕು ವರ್ಷ ಬಿಟ್ಟು ಎರಡು ಪಂದ್ಯಕ್ಕೆ ಬಂತು, ಜುಲೈ 2ರ ರಾತ್ರಿ ಎದ್ದು ಹೋಯಿತು, ಚಹಾ ಕುಡಿದು ಹತ್ತು ನಿಮಿಷದೊಳಗೆ ವಾಪಸು ಬಂತು. ಗೋಲಾದರೆ ಮನೋಬಲ, ತಪ್ಪಿದರೆ ಅದರ ಕೊರತೆ ಎನ್ನುವುದು ಘಟನೆ ನಡೆದ ಮೇಲೆ ಜಾತಕ ಬರೆದಂತೆ. ಆ ಜಾತಕ ಎಂದೂ ಸುಳ್ಳಾಗುವುದಿಲ್ಲ, ಯಾರಿಗೂ ಉಪಯೋಗಕ್ಕೂ ಬರುವುದಿಲ್ಲ.

ಹಾಗಾದರೆ ಮನಸ್ಸಿನ ಪಾತ್ರವೇ ಇಲ್ಲವೇ? ಖಂಡಿತ ಇದೆ. ಆದರೆ ಅದು ಕಾಣುವುದು ಫಲಿತಾಂಶದಲ್ಲಿ ಅಲ್ಲ. ಮಧ್ಯಗೆರೆಯಿಂದ ಪೆನಾಲ್ಟಿ ಚುಕ್ಕೆಗೆ ಸುಮಾರು ನಲವತ್ತು ಮೀಟರ್ ದಾರಿ. ಆ ದಾರಿಯಲ್ಲಿ ಆಟಗಾರ ಹೇಗೆ ನಡೆಯುತ್ತಾನೆ, ಚೆಂಡನ್ನು ಹೇಗೆ ಇಡುತ್ತಾನೆ, ಗೋಲ್‌ಕೀಪರ್‌ಗೆ ಬೆನ್ನು ತೋರುತ್ತಾನೋ ಮುಖವೋ, ಸೀಟಿ ಊದಿದ ಮೇಲೆ ಒಂದು ಉಸಿರು ತೆಗೆದುಕೊಳ್ಳುತ್ತಾನೋ ಧಾವಿಸುತ್ತಾನೋ, ಅಲ್ಲಿ ಕಾಣುತ್ತದೆ. ನಾರ್ವೆಯ ಗೈರ್ ಯೋರ್ಡೆಟ್ ಎಂಬ ಮನಃಶಾಸ್ತ್ರಜ್ಞರು ದೊಡ್ಡ ಟೂರ್ನಿಗಳ ಶೂಟೌಟ್‌ಗಳನ್ನೆಲ್ಲ ಇಟ್ಟುಕೊಂಡು ಇದನ್ನೇ ಎಣಿಸಿದ್ದಾರೆ. ಸೀಟಿಯಾದೊಡನೆ ಆತುರಪಡುವವರು ಹೆಚ್ಚು ತಪ್ಪುತ್ತಾರೆ. ‘ಇದು ಗೋಲಾದರೆ ಗೆದ್ದೆವು’ ಎಂಬ ಕಿಕ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಒಳಗೆ ಹೋಗುತ್ತವೆ. ‘ಇದು ತಪ್ಪಿದರೆ ಸೋತೆವು’ ಎಂಬಲ್ಲಿ ಹತ್ತಕ್ಕೆ ಆರರ ಆಸುಪಾಸು. ಅದೇ ಹನ್ನೊಂದು ಮೀಟರ್, ಅದೇ 7.32 ಮೀಟರ್ ಅಗಲದ ಗೋಲು, ಅದೇ ಕಾಲ್ಚಳಕ. ಬದಲಾದದ್ದು ಒಂದು ‘ಅಕಸ್ಮಾತ್’ ಮಾತ್ರ. ಇನ್ನೂ ಕುತೂಹಲದ್ದು: ದೊಡ್ಡ ಪ್ರಶಸ್ತಿಗಳನ್ನು ಈಗಾಗಲೇ ಗೆದ್ದಿರುವ ತಾರೆಯರು, ಮುಂದೆ ಗೆಲ್ಲಲಿರುವವರಿಗಿಂತ ಹೆಚ್ಚು ತಪ್ಪುತ್ತಾರಂತೆ. ಹೆಸರು ಬಂದ ಮೇಲೆ ಕಳೆದುಕೊಳ್ಳಲು ಏನೋ ಇರುತ್ತದೆ. (ಬ್ಯಾಜಿಯೊನನ್ನೂ ಇಲ್ಲಿ ಕರೆಯಬಹುದು: ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ 1993ರಲ್ಲಿ ಅವನದು. ಆದರೆ ಬೇಡ, ಬಾಗಿಲು ತೆರೆದರೆ ಅವನು ಇಡೀ ಲೇಖನ ತುಂಬಿಕೊಳ್ಳುತ್ತಾನೆ.)

ಈಗ ನಿಮ್ಮ ಒಂದು ವಾಕ್ಯ: ‘ಗ್ಯಾನ್ ಅವರ ಮನದಾಳದಲ್ಲಿ ಭಯದ ಬಿರುಗಾಳಿ ಭೋರ್ಗರೆಯುತ್ತಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.’ ಅತಿಶಯೋಕ್ತಿಯೇ ಆಗುತ್ತದೆ. ನೀವು ಮನದಾಳಕ್ಕೆ ಹೋಗಿರಲಿಲ್ಲ. ಆ ಪದಪುಂಜ ಲೇಖನದಲ್ಲಿ ನಾಲ್ಕು ಸಲ ಬಂದಿದೆ, ‘ಅದ್ಭುತ’ ಹನ್ನೊಂದು ಸಲ. ಬದಲಿಗೆ ಕಣ್ಣಿಗೆ ಕಂಡದ್ದನ್ನು ಬರೆಯಿರಿ. ಆ ಮೊದಲ ಪೆನಾಲ್ಟಿಗೆ ಮುಂಚೆ ರೆಡ್ ಕಾರ್ಡ್‌ನ ಗಲಾಟೆ ಮುಗಿಯುವವರೆಗೆ ಗ್ಯಾನ್ ಕಾಯಬೇಕಾಯಿತು. ಕಾಯುವವನ ಕೈಕಾಲು ಏನು ಮಾಡುತ್ತಿತ್ತು? ವಿಡಿಯೊ ಮತ್ತೆ ನೋಡಿ, ಶಬ್ದ ನಿಲ್ಲಿಸಿ ನೋಡಿ. ಎರಡು ಕಿಕ್‌ಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಿ. ನಾಲ್ಕು ಸಾಲು ಸಾಕು, ಬಿರುಗಾಳಿ ತಾನಾಗಿ ಬೀಸುತ್ತದೆ.

ಅಡಿಯಾ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಶೀರ್ಷಿಕೆಗೆ ಅತ್ಯಂತ ಹತ್ತಿರವಿರುವವರು ಅವರು. 2009ರ 20 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಎಂಟು ಗೋಲು ಹೊಡೆದು ಟೂರ್ನಿಯ ಶ್ರೇಷ್ಠ ಆಟಗಾರ ಎನಿಸಿಕೊಂಡ ಹುಡುಗ. ಘಾನಾ ಆ ಕಪ್ ಗೆದ್ದಿತು. ಫೈನಲ್‌ನಲ್ಲಿ ಬ್ರೆಜಿಲ್ ವಿರುದ್ಧ, ಅದೂ ಶೂಟೌಟ್‌ನಲ್ಲಿ! ಒಂಬತ್ತು ತಿಂಗಳ ನಂತರ ಸಾಕರ್ ಸಿಟಿಯಲ್ಲಿ ಬದಲಿ ಆಟಗಾರನಾಗಿ ಇಳಿದರು. ಅವರ ಹೆಡರ್ ಗೋಲಾಗುವುದನ್ನು ಒಬ್ಬ ಕೈಯಿಂದ ತಡೆದ. ಆಮೇಲೆ ಶೂಟೌಟ್‌ನಲ್ಲಿ ಅವರ ಕಿಕ್ ಅನ್ನು ಮುಸ್ಲೆರಾ ತಡೆದರು, ನಾಯಕ ಜಾನ್ ಮೆನ್ಸಾ ಅವರದನ್ನೂ. ಕೊನೆಗೆ ಉರುಗ್ವೆಯ ಅಬ್ರೆವ್, ಕೀಪರ್ ಬದಿಗೆ ಹಾರುವುದನ್ನು ನೆಚ್ಚಿ, ಚೆಂಡನ್ನು ನಡುವಿನಲ್ಲಿ ಮೆಲ್ಲಗೆ ಎತ್ತಿ ಹಾಕಿ 4–2 ಮಾಡಿದರು. ಘಾನಾ ಸೋತದ್ದು ಶೂಟೌಟ್‌ನ ಈ ಎರಡು ಕಿಕ್‌ಗಳಲ್ಲಿ. ಆದರೆ ಹದಿನೈದು ವರ್ಷಗಳಿಂದ ಆ ಸೋಲನ್ನು ಹೊತ್ತವರು ಗ್ಯಾನ್. ಅಡಿಯಾ ಹೆಸರು ನಿಮ್ಮ ಲೇಖನದಲ್ಲಿ ಒಂದು ಸಲವೂ ಇಲ್ಲ.

ಹೊತ್ತು ನಡೆದದ್ದು ಹೇಗೆ ಎಂಬುದೂ ಇಲ್ಲ. 2012ರ ಆಫ್ರಿಕಾ ಕಪ್ ಸೆಮಿಫೈನಲ್‌ನಲ್ಲಿ, ಫೆಬ್ರುವರಿ 8ರಂದು, ಈಕ್ವಟೋರಿಯಲ್ ಗಿನಿಯ ಬಾಟಾ ಊರಿನಲ್ಲಿ, ಜಾಂಬಿಯಾ ವಿರುದ್ಧ ಗ್ಯಾನ್ ಮತ್ತೊಂದು ಪೆನಾಲ್ಟಿ ಕಳೆದುಕೊಂಡರು. ತಂಡ 0–1ರಿಂದ ಸೋತಿತು. ಕೆಲಕಾಲ ರಾಷ್ಟ್ರೀಯ ತಂಡದಿಂದ ದೂರ ಉಳಿದರು. ಅದೇ ವರ್ಷದ ನವೆಂಬರ್‌ನಲ್ಲಿ ಅವರ ತಾಯಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ದೇಶದ ಪರ ಇನ್ನು ಪೆನಾಲ್ಟಿ ಹೊಡೆಯಬೇಡ ಎಂದು ತಾಯಿ ಕೇಳಿಕೊಂಡಿದ್ದರು ಎಂಬುದು ಆಗ ಪತ್ರಿಕೆಗಳಲ್ಲಿ ಬಂದ ಸುದ್ದಿ. 2013ರ ಸೆಮಿಫೈನಲ್ ಬುರ್ಕಿನಾ ಫಾಸೊ ವಿರುದ್ಧ ಶೂಟೌಟ್‌ಗೆ ಹೋದಾಗ ಘಾನಾದ ಪರ ಹೊಡೆದವರ ಪಟ್ಟಿಯಲ್ಲಿ ಗ್ಯಾನ್ ಇರಲಿಲ್ಲ. ತಂಡ ಸೋತಿತು. 2015ರಲ್ಲಿ ಮಲೇರಿಯಾದಿಂದ ಎದ್ದುಬಂದು ಆಲ್ಜೀರಿಯಾ ವಿರುದ್ಧ ಕೊನೆಗಳಿಗೆಯ ಗೋಲು ಹೊಡೆದು ಗೆಲ್ಲಿಸಿದರು. ಅದೇ ಟೂರ್ನಿಯ ಫೈನಲ್ ನಡೆದದ್ದು ಮತ್ತೆ ಫೆಬ್ರುವರಿ 8ರಂದು, ಮತ್ತೆ ಬಾಟಾದಲ್ಲಿ. ಶೂಟೌಟ್ ಇನ್ನೇನು ಶುರುವಾಗಬೇಕು ಎನ್ನುವಾಗ ಗ್ಯಾನ್ ಅವರನ್ನು ಹೊರಗೆ ಕರೆಸಿಕೊಂಡು ಬೇರೊಬ್ಬರನ್ನು ಇಳಿಸಿದರು. ಐವರಿ ಕೋಸ್ಟ್ 9–8ರಿಂದ ಗೆದ್ದಿತು.

ತಾಯಿಯ ಮಾತಿಗಾಗಿ ಪೆನಾಲ್ಟಿ ಚುಕ್ಕೆಯಿಂದ ಹಿಂದೆ ಸರಿದವನದು ದೌರ್ಬಲ್ಯವೋ ಬಲವೋ? ಘಾನಾದ ಪರ 51 ಗೋಲು, ವಿಶ್ವಕಪ್‌ಗಳಲ್ಲಿ ಆಫ್ರಿಕಾದ ಯಾರಿಗಿಂತಲೂ ಹೆಚ್ಚು, ಆರು ಗೋಲು, ಇವೆಲ್ಲ ಅವನದೇ. ನಿಮ್ಮ ‘ಮಹಾಬಲ’ ಎಂಬ ಮಾತಿಗೆ ಈ ಪ್ರಶ್ನೆಯನ್ನು ಎದುರಿಸುವ ಶಕ್ತಿ ಇಲ್ಲ. ಅದಕ್ಕೇ ಶೀರ್ಷಿಕೆ ಬದಲಿಸಿ ಎನ್ನುತ್ತಿದ್ದೇನೆ.

ಚಿಕ್ಕಪುಟ್ಟದ್ದು: ಮೂರನೆಯ ಪ್ಯಾರಾದ ಸುಭಾಷಿತ ತೆಗೆಯಿರಿ. ಯೋಗ, ಪ್ರಾಣಾಯಾಮದ ಪ್ಯಾರಾ ಆರೋಗ್ಯ ಪುರವಣಿಗೆ ಸಲ್ಲಬೇಕಾದದ್ದು. ‘ಯುವಜನರು ಇದರಿಂದ ಪಾಠ ಕಲಿಯಬೇಕು’ ಎಂಬ ಕೊನೆಯ ಪ್ಯಾರಾವನ್ನು ನಾನೇ ಹೊಡೆದುಹಾಕಿದ್ದೇನೆ, ಯುವಜನರು ಅದನ್ನು ಹೇಗೂ ಓದುವುದಿಲ್ಲ. ಯೂನಿಕೋಡ್‌ನಲ್ಲಿ ಕಳಿಸಿ, ‘ನುಡಿ’ ತಂತ್ರಾಂಶದಿಂದ ಬದಲಿಸುವಾಗ ಒತ್ತಕ್ಷರಗಳು ಹಾರಿಹೋಗಿ ಉರುಗ್ವೆ ‘ಉರುಗೆ’ ಆಗಿತ್ತು. ಒಂಬೈನೂರು ಪದ ಸಾಕು.

ಇನ್ನೊಂದು. ನೀವು ಆವರಣದೊಳಗೆ ಬಚ್ಚಿಟ್ಟ ಒಂದು ವಾಕ್ಯ ಇದೆ: ನಮ್ಮಲ್ಲಿ ನಡುರಾತ್ರಿ ಎರಡೂವರೆ, ಗ್ಯಾನ್ ಚೆಂಡಿಟ್ಟು ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದಂತೆ ನಿಮ್ಮ ತಂದೆ ಟಿವಿ ಮುಂದಿನಿಂದ ಎದ್ದು, ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದರು. ಘಾನಾ ಎಲ್ಲಿದೆ ಎಂದು ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ ಎಂದೂ ಬರೆದಿದ್ದೀರಿ. ಆವರಣ ತೆಗೆದು ಅದನ್ನು ಮೇಲಕ್ಕೆ ತನ್ನಿ. ಎರಡನೆಯ ಕಿಕ್‌ನ ಹೊತ್ತಿಗೆ ಅವರು ವಾಪಸು ಬಂದಿದ್ದರೇ? ಕೇಳಿ ಬರೆಯಿರಿ. ಮುಂದಿನ ತಿಂಗಳ ಹತ್ತರೊಳಗೆ ತಲುಪಿದರೆ ಕ್ರೀಡಾ ಸಂಚಿಕೆಗೆ ನೋಡುತ್ತೇನೆ.

ಇತಿ,
ಸಂಪಾದಕ