ನ್ಯಾನೋ ಅಂತ ಹುದ್ದೆ ಕರೆಯುವುದಿಲ್ಲ, ಕೆಮಿಸ್ಟ್ರಿ ಅಂತ ಕರೆಯುತ್ತಾರೆ

ನಿಮ್ಮ ಪ್ರಶ್ನೆ ಇಷ್ಟು: ಧಾರವಾಡದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಕೊನೆಯ ಸೆಮಿಸ್ಟರ್. ನ್ಯಾನೋಟೆಕ್ನಾಲಜಿ ಇಷ್ಟ. ಅದರಲ್ಲೇ ಪಿಎಚ್‌ಡಿ ಮಾಡಿ ಪ್ರೊಫೆಸರ್ ಆಗಬಹುದಾ, ಅದಕ್ಕೆ ಮೊದಲು ಎಂ.ಟೆಕ್. ನ್ಯಾನೋ ಮಾಡಬೇಕಾ? ಮನೆಯಲ್ಲಿ ಮಾತ್ರ ಸುಮ್ನೆ ಬಿ.ಎಡ್. ಮಾಡು ಅಂತಿದ್ದಾರೆ.

ಆಗಬಹುದು. ನಾನು ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯವಳು. ಧಾರವಾಡದಲ್ಲೇ ಎಂ.ಎಸ್ಸಿ. ಮುಗಿಸಿದೆ, ಇದೇ ಸೀಮೆಯಲ್ಲಿ ನ್ಯಾನೋಕಣಗಳ ಮೇಲೆ ಪಿಎಚ್‌ಡಿ ಮಾಡಿದೆ. ಈಗ ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಕೆಮಿಸ್ಟ್ರಿ ಹೇಳುತ್ತೇನೆ. ದೊಡ್ಡ ವಿಜ್ಞಾನಿ ಏನಲ್ಲ. ಆದರೆ ನೀವು ಈಗ ನಿಂತಿರುವ ಜಾಗದಲ್ಲೇ ನಿಂತು, ಕೆಲವು ಪೆಟ್ಟು ತಿಂದು ಬಂದವಳು.

ಮೊದಲು ಎಂ.ಟೆಕ್. ನ್ಯಾನೋ ಮಾತು ಮುಗಿಸಿಬಿಡೋಣ. ಯಾವುದಾದರೂ ವಿಶ್ವವಿದ್ಯಾಲಯದ್ದೋ ಡಿಗ್ರಿ ಕಾಲೇಜಿನದ್ದೋ ನೇಮಕಾತಿ ಪ್ರಕಟಣೆ ತೆಗೆದು ನೋಡಿ. ಕನ್ನಡ, ಇತಿಹಾಸ, ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಅಂತ ಸಾಲಾಗಿ ಇರುತ್ತದೆ. ಅದರಲ್ಲಿ ನ್ಯಾನೋ ಅನ್ನುವ ಸಾಲು ಎಷ್ಟು ಕಡೆ ಇದೆ, ಎಣಿಸಿ ನೋಡಿ. ನ್ಯಾನೋ ಅನ್ನೋದು ಒಂದು ವಿಷಯ ಅಲ್ಲ, ಒಂದು ಅಳತೆ. 1ರಿಂದ 100 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಒಳಗಿನ ಯಾವುದರ ಮೇಲೆ ಕೆಲಸ ಮಾಡಿದರೂ ಅದು ನ್ಯಾನೋ. ಹುದ್ದೆ ಕರೆಯುವವರು ಅಳತೆ ನೋಡಿ ಕರೆಯುವುದಿಲ್ಲ.

ಗದಗಿನ ನನ್ನ ಗೆಳೆಯನೊಬ್ಬ ನಮಗಿಂತ ಎರಡು ವರ್ಷ ಮೊದಲೇ ಬೇರೆ ರಾಜ್ಯಕ್ಕೆ ಹೋಗಿ ಎಂ.ಎಸ್ಸಿ. ನ್ಯಾನೋಸೈನ್ಸ್ ಮಾಡಿಕೊಂಡು ಬಂದ. ಬುದ್ಧಿವಂತ, ಪೇಪರ್‌ಗಳೂ ಚೆನ್ನಾಗಿದ್ದವು. ಒಂದು ಕಡೆ ಕೆಮಿಸ್ಟ್ರಿ ಹುದ್ದೆಗೆ ದಾಖಲೆ ಪರಿಶೀಲನೆ ದಿನ ಟೇಬಲ್ ಹಿಂದೆ ಕೂತವರು ಅಂಕಪಟ್ಟಿ ತಿರುಗಿಸಿ ತಿರುಗಿಸಿ ನೋಡಿ, "ಇದು ಕೆಮಿಸ್ಟ್ರಿ ಹೆಂಗಾಗ್ತದ್ರೀ?" ಅಂದರು. ಫಿಸಿಕ್ಸ್ ಹುದ್ದೆಗೆ ಹೋದರೆ ಅಲ್ಲೂ ಅದೇ ಪ್ರಶ್ನೆ. ಕೊನೆಗೆ ಅವನು ಬೆಂಗಳೂರಿನ ಒಂದು ಕಂಪನಿಗೆ ಹೋದ. ಆರಾಮಾಗಿದ್ದಾನೆ, ಆ ಮಾತು ಬೇರೆ. ನಿಮ್ಮ ಕೈಯಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಇದೆ. ಪಿಎಚ್‌ಡಿಯನ್ನೂ ಕೆಮಿಸ್ಟ್ರಿ ವಿಭಾಗದಲ್ಲೇ ಮಾಡಿ. ಒಳಗೆ ಎಷ್ಟು ಬೇಕಾದರೂ ನ್ಯಾನೋ ಮಾಡಿಕೊಳ್ಳಿ.

ಸರ್ಟಿಫಿಕೇಟ್ ಸಲುವಾಗಿ ಮಾತ್ರ ಹೇಳುತ್ತಿಲ್ಲ. ನಾನು ಚಿನ್ನದ ನ್ಯಾನೋಕಣ ಮೊದಲ ಸಲ ಮಾಡಿದ್ದು ಎಂ.ಎಸ್ಸಿ. ಪ್ರಾಜೆಕ್ಟ್‌ನಲ್ಲಿ. 1951ರ ಟರ್ಕೆವಿಚ್ ವಿಧಾನ. ಚಿನ್ನದ ಉಪ್ಪಿನ, ಅಂದರೆ ಕ್ಲೋರೋಆರಿಕ್ ಆಮ್ಲದ, ತೆಳು ದ್ರಾವಣ ಕುದಿಯಲು ಇಟ್ಟು, ಸ್ಟಿರರ್ ತಿರುಗುತ್ತಿರುವಾಗಲೇ ಸೋಡಿಯಂ ಸಿಟ್ರೇಟ್ ಹಾಕಬೇಕು. ತಿಳಿ ಹಳದಿ ಬಣ್ಣ ಮೊದಲು ಮಾಯವಾಗುತ್ತದೆ. ಆಮೇಲೆ ಮೋಡ ಕವಿದ ಹಾಗೆ ಬೂದು-ನೀಲಿ, ಅದಾದ ಮೇಲೆ ನೇರಳೆ, ಕೊನೆಗೆ ದಾಳಿಂಬೆ ರಸದ ಕೆಂಪು. ನನ್ನದು ಮೂರು ಸಲ ನೇರಳೆಗೇ ನಿಂತುಹೋಯಿತು. ಬೆಳಿಗ್ಗೆ ಬಂದು ನೋಡಿದರೆ ತಳದಲ್ಲಿ ಕಪ್ಪು ಗಸಿ. ಚಿನ್ನದ ಉಪ್ಪು ಅಂದರೆ ಸುಮ್ನೆ ಅಲ್ಲ, ಒಂದು ಗ್ರಾಂ ಬಾಟಲಿಗೂ ಲೆಕ್ಕ ಬರೆಯಬೇಕು. ಅಳು ಬರುವುದೊಂದು ಬಾಕಿ. ಲ್ಯಾಬಿನ ಹಿರಿಯ ಸ್ಕಾಲರ್ ಅಕ್ಕ ಫ್ಲಾಸ್ಕನ್ನು ಕಿಟಕಿ ಬೆಳಕಿಗೆ ಹಿಡಿದು ಕೇಳಿದರು, "ಯಾತರಲೇ ತೊಳದಿ ಇದನ್ನ?" ಸೋಪಿನ ನೀರು ಅಂದೆ. "ಹಿಂದಿನವರ ಚಿನ್ನ ಇನ್ನೂ ಗಾಜಿಗೆ ಅಂಟೇ ಐತಿ. ಚಿನ್ನ ಕರಗಿಸೋ ಆಕ್ವಾ ರೀಜಿಯಾ ಆಮ್ಲದಾಗ ತೊಳಿ, ಆಮೇಲೆ ಡಿಸ್ಟಿಲ್ಡ್ ವಾಟರ್‌ಲೇ ಹತ್ತು ಸಲ."

ನಾಲ್ಕನೇ ಸಲ ಕೆಂಪು ಬಂತು. ದ್ರಾವಣ ಯಾವ ಬಣ್ಣದ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆಯುವ ಯುವಿ-ವಿಸಿಬಲ್ ಯಂತ್ರಕ್ಕೆ ಇಟ್ಟಾಗ 520 ನ್ಯಾನೋಮೀಟರ್ ಹತ್ತಿರ ಪೀಕ್, ಚಿನ್ನದ ನ್ಯಾನೋಕಣದ ಗುರುತು. ಆ ಕೆಂಪನ್ನು 1857ರಲ್ಲೇ ಮೈಕಲ್ ಫ್ಯಾರಡೆ ನೋಡಿದ್ದ, ಆಗ ನ್ಯಾನೋ ಅನ್ನುವ ಮಾತೇ ಬಳಕೆಯಲ್ಲಿ ಇರಲಿಲ್ಲ. ಈ ಇಡೀ ಕೆಲಸದಲ್ಲಿ ನಡೆದಿದ್ದೇನು ಅಂತ ಯೋಚನೆ ಮಾಡಿ. ಅಪಕರ್ಷಣೆ (ರಿಡಕ್ಷನ್), ಕೊಲಾಯ್ಡ್ (ದ್ರವದಲ್ಲಿ ತೇಲುವ ಸೂಕ್ಷ್ಮ ಕಣಗಳು), ಆ ಕಣಗಳ ಮೇಲಿನ ಚಾರ್ಜ್. ಎಲ್ಲಾ ನಿಮ್ಮ ಬಿ.ಎಸ್ಸಿ. ಪುಸ್ತಕದಲ್ಲಿ ಇರುವುದೇ. ಮುಂದೆ ನನ್ನ ಕೆಲಸದ ಸಂದರ್ಶನದಲ್ಲಿ ವಯಸ್ಸಾದ ಪ್ರೊಫೆಸರ್ ಒಬ್ಬರು ನನ್ನ ಪೇಪರ್‌ಗಳ ಪಟ್ಟಿಯನ್ನು ಮುಟ್ಟಲೂ ಇಲ್ಲ. "ಆ ಕೆಂಪು ದ್ರಾವಣಕ್ಕೆ ಒಂದು ಚಿಟಿಕೆ ಉಪ್ಪು ಹಾಕಿದರೆ?" ಅಂತ ಕೇಳಿದರು. ನೀಲಿಗೆ ತಿರುಗುತ್ತದೆ, ಚಾರ್ಜ್ ಮರೆಯಾಗಿ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ ಅಂದೆ. ಮುಂದಿನ ಇಪ್ಪತ್ತು ನಿಮಿಷ ಥರ್ಮೋಡೈನಮಿಕ್ಸ್. ನ್ಯಾನೋ ಅನ್ನುವ ಮಾತೇ ಬರಲಿಲ್ಲ.

ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ದಾರಿಯನ್ನೇ ನೋಡಿ. ಮೊದಲು ಸ್ಪೆಕ್ಟ್ರೋಸ್ಕೋಪಿ (ಬೆಳಕಿನಿಂದ ಅಣುಗಳ ಅಧ್ಯಯನ), ಆಮೇಲೆ ಘನವಸ್ತುಗಳ ರಸಾಯನಶಾಸ್ತ್ರ. ಕಾರ್ಬನ್ ನ್ಯಾನೋಟ್ಯೂಬ್‌ಗೆಲ್ಲ ಅವರು ಕೈ ಹಾಕಿದ್ದು ದಶಕಗಳ ನಂತರ. 2023ರ ಕೆಮಿಸ್ಟ್ರಿ ನೊಬೆಲ್ ಕ್ವಾಂಟಮ್ ಡಾಟ್ ಅನ್ನುವ ನ್ಯಾನೋಕಣಗಳಿಗೆ ಬಂತಲ್ಲ, ಆ ಮೂವರಲ್ಲಿ ಎಕಿಮೊವ್ ಶುರು ಮಾಡಿದ್ದು ಬಣ್ಣದ ಗಾಜಿನಿಂದ. ಬೇರು ಗಟ್ಟಿ ಇದ್ದವರಿಗೆ ಹೊಸ ಹೆಸರಿನ ಹೊಲಕ್ಕೆ ದಾಟುವುದು ಕಷ್ಟ ಆಗುವುದಿಲ್ಲ.

ಇನ್ನು ದುಡ್ಡಿನ ವಿಷಯ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಸಿಎಸ್‌ಐಆರ್-ನೆಟ್ ಅಂದರೆ ವಿಜ್ಞಾನ ವಿಷಯಗಳ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ಅದರಲ್ಲಿ ಜೆಆರ್‌ಎಫ್ (ಪಿಎಚ್‌ಡಿ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದಮೇಲೆ ಎಸ್‌ಆರ್‌ಎಫ್, ಅಂದರೆ ಹಿರಿಯ ಫೆಲೋ, ಆಗಿ 42,000. ಮೇಲೆ ಮನೆಬಾಡಿಗೆ ಭತ್ಯೆ ಬೇರೆ. 2023ರ ಜನವರಿಯಿಂದ ಇರುವ ದರ ಇದು. ಧಾರವಾಡದಲ್ಲಿ ಇಷ್ಟರಲ್ಲಿ ಒಬ್ಬರು ಆರಾಮಾಗಿ ಇದ್ದು ಊರಿಗೂ ಸ್ವಲ್ಪ ಕಳಿಸಬಹುದು. ನನಗೆ ಜೆಆರ್‌ಎಫ್ ಸ್ವಲ್ಪದರಲ್ಲಿ ತಪ್ಪಿ ಲೆಕ್ಚರರ್‌ಶಿಪ್, ಅಂದರೆ ಪಾಠ ಮಾಡುವ ಅರ್ಹತೆ, ಮಾತ್ರ ಬಂತು. ಇನ್ನೊಂದು ಸಲ ಕೂರಬೇಕಿತ್ತು. ಆತುರ ನನಗೆ. ಫೆಲೋಶಿಪ್ ಇಲ್ಲದೆಯೇ ಪಿಎಚ್‌ಡಿಗೆ ಸೇರಿಬಿಟ್ಟೆ.

ಅದರಿಂದ ಆಗಿದ್ದೇನು? ಹೊಟ್ಟೆಪಾಡಿಗೆ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಆದೆ. ಸಂಬಳ ತಿಂಗಳಿಗೆ ಅಲ್ಲ, ಅವರಿಗೆ ನೆನಪಾದಾಗ. ಒಂದು ಸಲ ಐದು ತಿಂಗಳದ್ದು ಒಟ್ಟಿಗೆ ಬಂತು. ಬೆಳಿಗ್ಗೆ ಪಾಠ, ಮಧ್ಯಾಹ್ನ ಬಸ್ ಹಿಡಿದು ಲ್ಯಾಬ್. ಹಿಂದಿನ ದಿನ ಇಟ್ಟ ಪ್ರಯೋಗವನ್ನು ಬೆಳಿಗ್ಗೆ ನೋಡಿಕೊಳ್ಳಲು ನಾನೇ ಇರುತ್ತಿರಲಿಲ್ಲ. ನಾಲ್ಕು ವರ್ಷಕ್ಕೆ ಮುಗಿಯಬೇಕಿದ್ದ ಕೆಲಸಕ್ಕೆ ಏಳು ಹಿಡಿಯಿತು. ಈಗಿನ 2022ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮದಲ್ಲಿ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6. ನನ್ನ ಹಾಗೆ ಎಳೆದರೆ ಮರುನೋಂದಣಿಗೆ ಕೈಮುಗಿದು ನಿಲ್ಲಬೇಕಾಗುತ್ತದೆ.

ಅದಕ್ಕೇ ಈಗ ಮೊದಲ ಕೆಲಸ ನೆಟ್. ಆ ಪರೀಕ್ಷೆಯ ಕೊನೆಯ ಭಾಗ ಪಾರ್ಟ್ ಸಿ ಕಡೆ ಜಾಸ್ತಿ ಗಮನ ಕೊಡಿ. 60 ಪ್ರಶ್ನೆ ಇರುತ್ತವೆ, 25 ಮಾತ್ರ ಬರೆಯಬೇಕು, ಒಂದೊಂದಕ್ಕೆ 4 ಅಂಕ. ತಪ್ಪಾದರೆ ಕಳೆಯುತ್ತಾರೆ. ಯಾವುದನ್ನು ಬಿಡಬೇಕು ಅಂತ ಗೊತ್ತಿರುವುದೇ ಅರ್ಧ ಪರೀಕ್ಷೆ. ನಾನು ಆರ್ಗ್ಯಾನಿಕ್ ಬರುವುದಿಲ್ಲ ಅಂತ ಗೊತ್ತಿದ್ದೂ ಎಂಟು ಪ್ರಶ್ನೆ ಊಹೆ ಮಾಡಿ ಬರೆದೆ. ಆ ಎಂಟರ ಬೆಲೆ ಮೇಲೆ ಹೇಳಿದ ಏಳು ವರ್ಷ. ನಮ್ಮ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಕೆ-ಸೆಟ್ ಕೂಡ ಬರೆಯಿರಿ, ಆದರೆ ಅದು ಕರ್ನಾಟಕದೊಳಗೆ ಪಾಠ ಮಾಡುವ ಅರ್ಹತೆ ಮಾತ್ರ. ಅದರಲ್ಲಿ ದುಡ್ಡಿಲ್ಲ. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ನೆಟ್ ಅಥವಾ ರಾಜ್ಯಮಟ್ಟದ ಸೆಟ್, ಸ್ಲೆಟ್ ಕನಿಷ್ಠ ಅರ್ಹತೆ ಅಂತ ಯುಜಿಸಿ ಮಾಡಿದೆ. ಹಾಗಾಗಿ ಈ ಓದು ಎಲ್ಲಿಯೂ ದಂಡ ಆಗುವುದಿಲ್ಲ.

ಗೈಡ್ ಹುಡುಕುವಾಗ ವಿಷಯದ ಹೆಸರು ನೋಡಿ ಮರುಳಾಗಬೇಡಿ. ಸರ್ ಅಥವಾ ಮೇಡಂ ಹತ್ತಿರ ಹೋಗುವ ಮೊದಲು ಅವರ ಸ್ಕಾಲರ್‌ಗಳ ಜೊತೆ ಕ್ಯಾಂಟೀನಿನಲ್ಲಿ ಒಂದು ಚಾ ಕುಡಿಯಿರಿ. ಹಿಂದಿನವರಿಗೆ ಎಷ್ಟು ವರ್ಷ ಹಿಡಿಯಿತು, ಈಗ ಅವರು ಎಲ್ಲಿದ್ದಾರೆ, ಲ್ಯಾಬಿನಲ್ಲಿ ಯಾವ ಯಂತ್ರ ಇದೆ, ಅದು ನಡೆಯುತ್ತದಾ. ಕೊನೆಯ ಪ್ರಶ್ನೆ ತಪ್ಪದೇ ಕೇಳಿ. ಯಂತ್ರ ಇರುವುದು ಬೇರೆ, ನಡೆಯುವುದು ಬೇರೆ.

ನ್ಯಾನೋ ಕೆಲಸದಲ್ಲಿ ನಿಮ್ಮ ಕಣವನ್ನು ಕಣ್ಣಿಂದ ನೋಡಲು ಆಗುವುದಿಲ್ಲ. ನೋಡಲು ಟಿಇಎಂ ಅನ್ನುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ನನಗೆ ಆಗ ಹತ್ತಿರದಲ್ಲಿ ಸ್ಲಾಟ್ ಸಿಗದೆ ಬೆಂಗಳೂರಿಗೆ ಹೋಗಬೇಕಾಯಿತು. ಒಂಬತ್ತು ಪುಟ್ಟ ಸೀಸೆಗಳಿಗೆ ಹತ್ತಿ ಸುತ್ತಿ, ಖಾಲಿ ಪೇಡೆ ಡಬ್ಬಿಯಲ್ಲಿ ಇಟ್ಟು, ಹುಬ್ಬಳ್ಳಿಯಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆ. ರಾತ್ರಿಯಿಡೀ ಡಬ್ಬಿ ತೊಡೆಯ ಮೇಲೆ. ಎದುರಿನ ಸೀಟಿನ ಅಜ್ಜಿ ಎರಡು ಸಲ ಡಬ್ಬಿ ನೋಡಿ, ಮೂರನೇ ಸಲಕ್ಕೆ "ಒಬ್ಬಾಕಿನ ತಿಂತಿಯೇನವಾ?" ಅಂತ ಕೇಳಿಯೇಬಿಟ್ಟರು. ಮುಚ್ಚಳ ತೆಗೆದು ತೋರಿಸಿದೆ. ಔಷಧಿ ಅಂದುಕೊಂಡು ಪಾಪ ಅಂದರು. ಬೆಳಿಗ್ಗೆ ಅಲ್ಲಿ ಹೋದರೆ ಎರಡು ಗಂಟೆಯ ಸ್ಲಾಟ್, ಒಂಬತ್ತರಲ್ಲಿ ಮೂರು ಸ್ಯಾಂಪಲ್ ಮಾತ್ರ ಆಯಿತು.

ಈಗ ಇಷ್ಟು ಕಷ್ಟ ಇಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಿಗೆ ದೊಡ್ಡ ಉಪಕರಣ ಬಳಸಲು ಕೊಡುವ ಯೂಸಿಕ್, ಸೈಫ್ ಕೇಂದ್ರಗಳಿವೆ. ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಅಂತ ನೋಡಿ ಬುಕ್ ಮಾಡಲು 2020ರಿಂದ ಐ-ಸ್ಟೆಮ್ ಪೋರ್ಟಲ್ ಇದೆ. 2016ರಲ್ಲಿ ವಾಲ್ಮಿ (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ) ಕಟ್ಟಡದಲ್ಲಿ ಶುರುವಾದ ಐಐಟಿ ಧಾರವಾಡ ಚಿಕ್ಕಮಲ್ಲಿಗವಾಡದ ಸ್ವಂತ ಜಾಗಕ್ಕೆ ಬಂದಿದೆ, ಅಲ್ಲೂ ಕೆಮಿಸ್ಟ್ರಿ ಪಿಎಚ್‌ಡಿ ಇದೆ. ಊರು ಬಿಡದೆಯೇ ದೊಡ್ಡ ಕೆಲಸ ಆಗುವುದಿಲ್ಲ ಅನ್ನುವವರಿಗೆ ರಸಾಯನ ವಿಜ್ಞಾನಿ ತೇಜರಾಜ ಅಮಿನಬಾವಿ ಅವರ ಹೆಸರು ಹೇಳಿ. ಪಾಲಿಮರ್, ಮೆಂಬ್ರೇನ್ (ಸೋಸುವ ತೆಳು ಪೊರೆ) ಮೇಲಿನ ಅವರ ಬಹುಪಾಲು ಸಂಶೋಧನೆ ನಡೆದಿದ್ದು ಧಾರವಾಡದಲ್ಲೇ.

ಪೇಪರ್ ಬಗ್ಗೆ ಒಂದು ಮಾತು. ಎಲೆ ಕುದಿಸಿ ಕಷಾಯ ಮಾಡಿ ಸಿಲ್ವರ್ ನೈಟ್ರೇಟ್‌ಗೆ ಹಾಕಿದರೆ ಬೆಳ್ಳಿಯ ನ್ಯಾನೋಕಣ ಆಗಿ ದ್ರಾವಣ ಕಂದು ಬಣ್ಣಕ್ಕೆ ಬರುತ್ತದೆ, 420 ನ್ಯಾನೋಮೀಟರ್ ಸುತ್ತಮುತ್ತ ಪೀಕ್ ಸಿಗುತ್ತದೆ, ಬ್ಯಾಕ್ಟೀರಿಯಾ ಸಾಯುತ್ತವೆ. ಒಂದು ಪೇಪರ್. ಬೇವು ಆಯಿತು, ತುಳಸಿ ಆಯಿತು, ನುಗ್ಗೆ ಆಯಿತು, ಹಿತ್ತಲಲ್ಲಿ ಇನ್ನು ಗಿಡ ಉಳಿದಿಲ್ಲ. ನಾನೂ ಇಂಥದ್ದು ಎರಡು ಬರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಒಂದಕ್ಕೆ ದುಡ್ಡು ಕಟ್ಟಿಸಿಕೊಂಡ ಪತ್ರಿಕೆ ಈಗ ಹುಡುಕಿದರೂ ಸಿಗುವುದಿಲ್ಲ. ಎಲೆಯಲ್ಲಿ ಯಾವ ಅಣು ಬೆಳ್ಳಿಯ ಉಪ್ಪನ್ನು ಅಪಕರ್ಷಿಸಿ ಬೆಳ್ಳಿ ಮಾಡಿತು ಅಂತ ಹೇಳಲು ಬಂದರೆ ಮಾಡಿ, ಅದು ಕೆಮಿಸ್ಟ್ರಿ. ಬರದಿದ್ದರೆ ಅದು ಕಷಾಯ.

ಪಿಎಚ್‌ಡಿ ಆದಮೇಲೆ ಒಂದೆರಡು ವರ್ಷ ಪೋಸ್ಟ್‌ಡಾಕ್ ಮಾಡಲು ಆಗುವುದಾದರೆ ಮಾಡಿ, ಬೇರೆ ಲ್ಯಾಬಿನ ಗಾಳಿ ಬೀಸಬೇಕು. ನಾನು ಮಾಡಲಿಲ್ಲ. ಮಗಳು ಸಣ್ಣವಳು ಅಂತ ನೆಪ ಇತ್ತು. ಕಾಯಂ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ ಯುಜಿಸಿ ಏಳನೇ ವೇತನ ಶ್ರೇಣಿಯಲ್ಲಿ ತಿಂಗಳಿಗೆ 57,700 ರೂಪಾಯಿಯಿಂದ ಶುರು. ಖಾಸಗಿ ಕಾಲೇಜುಗಳಲ್ಲಿ ಎಲ್ಲಾ ಕಡೆ ಇಷ್ಟು ಕೊಡುತ್ತಾರೆ ಅಂತ ನಂಬಿ ಸಾಲ ಮಾಡಬೇಡಿ. ಇಂಜಿನಿಯರಿಂಗ್ ಕಾಲೇಜಿಗೆ ಬಂದರೆ ನಿಮಗೆ ಸಿಗುವುದು ಮೊದಲ ವರ್ಷದಲ್ಲಿ ಕೆಮಿಸ್ಟ್ರಿ ಓದುವ, ಅಂದರೆ ಕೆಮಿಸ್ಟ್ರಿ ಸೈಕಲ್‌ನ ಮಕ್ಕಳು, ಅದೂ ಒಂದು ಸೆಮಿಸ್ಟರ್. ಹೆಸರು ನೆನಪಾಗುವಷ್ಟರಲ್ಲಿ ಹೊರಟುಹೋಗುತ್ತಾರೆ. ಸಂಶೋಧನೆ ಮಾಡುವ ಆಸೆ ಇದ್ದರೆ ಅದಕ್ಕೆ ಸಮಯ ನೀವೇ ಕದಿಯಬೇಕು.

ಮನೆಯವರ ಮಾತಿಗೆ ಬರುತ್ತೇನೆ. ಬಿ.ಎಡ್. ಕೆಟ್ಟದ್ದಲ್ಲ. ಪಿಯು ಉಪನ್ಯಾಸಕರ ಹುದ್ದೆಗೆ ಬಿ.ಎಡ್. ಕೇಳುತ್ತಾರೆ, ಡಿಗ್ರಿ ಕಾಲೇಜಿಗೆ ಬೇಕಿಲ್ಲ. ಎರಡು ವರ್ಷ ನೆಟ್‌ಗೆ ಓದಿ, ಆಗದಿದ್ದರೆ ಬಿ.ಎಡ್. ಮಾಡುತ್ತೇನೆ ಅಂತ ಮನೆಯಲ್ಲಿ ಲೆಕ್ಕ ಹೇಳಿ. ದಿನಾಂಕ ಹಾಕಿ ಹೇಳಿದರೆ ಅವರೂ ಒಪ್ಪುತ್ತಾರೆ. ನಾನು ದಿನಾಂಕ ಹೇಳಿರಲಿಲ್ಲ. ಅದಕ್ಕೆ ಪ್ರತಿ ಯುಗಾದಿಗೂ ಅವ್ವ ಕೇಳುತ್ತಿದ್ದಳು, "ಇನ್ನೂ ಓದಾಕತ್ತೀಯೇನ?" ಅವಳು ಮಾರ್ಕೆಟ್ ಸೀಸನ್‌ನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವವಳು, ಬೆರಳು ಯಾವಾಗಲೂ ಉರಿ. ನನ್ನ ಬೆರಳು ಸಿಲ್ವರ್ ನೈಟ್ರೇಟ್ ತಾಗಿ ಕಪ್ಪು.

ಕಾಲೇಜು ಬೇಡ ಅನಿಸಿದರೂ ಕೆಮಿಸ್ಟ್ರಿ ಕೈಬಿಡುವುದಿಲ್ಲ. ನನ್ನ ಕಾಕಾನ ಮಗ ಎಂ.ಎಸ್ಸಿ.ಗೇ ನಿಲ್ಲಿಸಿ ಬ್ಯಾಡಗಿ ಕಡೆ ಮೆಣಸಿನಕಾಯಿಯಿಂದ ಓಲಿಯೊರೆಸಿನ್ (ಬಣ್ಣ, ಖಾರದ ಗಟ್ಟಿ ಸಾರ) ತೆಗೆಯುವ ಕಾರ್ಖಾನೆಯ ಲ್ಯಾಬಿಗೆ ಸೇರಿದ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬೆಲೆ ಇರುವುದು ಬಣ್ಣಕ್ಕೆ. ಆ ಬಣ್ಣವನ್ನು 460 ನ್ಯಾನೋಮೀಟರ್‌ನಲ್ಲಿ ಅಳೆಯುತ್ತಾರೆ, ನಾನು ಚಿನ್ನ ನೋಡಿದಂಥ ಯುವಿ-ವಿಸಿಬಲ್ ಯಂತ್ರದಲ್ಲೇ. ನಾನು ಅತಿಥಿ ಉಪನ್ಯಾಸಕಿ ಆಗಿದ್ದಾಗ ಹಬ್ಬಕ್ಕೆ ಅವ್ವನಿಗೆ ಸೀರೆ ತಂದಿದ್ದು ಅವನು.