ಭುಜದ ಹಿಂಭಾಗಕ್ಕೆ ಮೊದಲು ಬಲ ಬರಲಿ

ನಿಮ್ಮ 13 ವರ್ಷದ ಮಗಳು ವಾರಕ್ಕೆ ನಾಲ್ಕು ದಿನ ಟೆನಿಸ್ ಆಡುತ್ತಾಳೆ, ಅಭ್ಯಾಸದ ಕೊನೆಯಲ್ಲಿ ಸರ್ವ್ ಮಾಡುವಾಗ ಬಲಭುಜ ನೋಯುತ್ತದೆ, ಕೋಚ್ ಪುಷ್‌ಅಪ್ ಮತ್ತು ಡಂಬೆಲ್ ಹೇಳಿದ್ದಾರೆ, ಶುರು ಮಾಡಿಸಲೇ ಎಂದು ಕೇಳಿದ್ದೀರಿ. ಅದಕ್ಕೂ ಮುಂಚೆ ನೋವು ಎಲ್ಲಿದೆ ಎಂದು ನೋಡಿ.

ತೋಳಿನ ಮೇಲ್ತುದಿಯ ಹೊರಬದಿಯಲ್ಲಿ ಬೆರಳಿಟ್ಟು ಒತ್ತಿದಾಗ ಮೂಳೆಯೇ ನೋಯುತ್ತದೆಯೇ? ಸುಮಾರು 11ರಿಂದ 16ರ ವಯಸ್ಸಿನಲ್ಲಿ ಅಲ್ಲಿ ಮೂಳೆ ಬೆಳೆಯುವ ಮೃದು ಪಟ್ಟಿ ಇನ್ನೂ ಕೂಡಿಕೊಂಡಿರುವುದಿಲ್ಲ. ಸರ್ವ್‌ನಲ್ಲಿ ತೋಳು ತಿರುಚುವ ಒತ್ತಡ ದಿನವೂ ಬಿದ್ದರೆ ಸ್ನಾಯುಗಳಿಗಿಂತ ಮೊದಲು ಆ ಪಟ್ಟಿಯೇ ಪೆಟ್ಟು ತಿನ್ನಬಹುದು. ಅಂಥ ನೋವನ್ನು ವ್ಯಾಯಾಮದಿಂದ ಓಡಿಸಲು ಹೋಗಬೇಡಿ. ಸರ್ವ್ ಪೂರ್ತಿ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಪಟ್ಟಿಗೆ ಪೆಟ್ಟಾಗಿದ್ದರೆ ವಾಸಿಯಾಗಲು ತಿಂಗಳುಗಳೇ ಬೇಕು. ರಾತ್ರಿ ನೋವಿಗೆ ಎಚ್ಚರವಾಗುವುದು, ಕೈ ಜೋಮು ಹಿಡಿಯುವುದು, ಭುಜ ಜಾರಿದಂತೆ ಅನ್ನಿಸುವುದು ಇದ್ದರೂ ಮೊದಲು ವೈದ್ಯರೇ.

ಅದೇನೂ ಇಲ್ಲ, ದಣಿದಾಗ ಮಾತ್ರ ಭುಜದ ಹಿಂಭಾಗ ಹಿಡಿದುಕೊಳ್ಳುತ್ತದೆ ಎಂದಾದರೆ ಮುಂದಿನದು ನಿಮಗೆ.

ಸರ್ವ್‌ನಲ್ಲಿ ತೋಳನ್ನು ಒಳಕ್ಕೆ ತಿರುಗಿಸಿ ಬೀಸುವುದು ಎದೆ ಮತ್ತು ಭುಜದ ಮುಂಭಾಗದ ಸ್ನಾಯುಗಳು. ಆಡುತ್ತ ಆಡುತ್ತ ಅವು ತಾವಾಗಿಯೇ ಗಟ್ಟಿಯಾಗುತ್ತವೆ. ಚೆಂಡು ಹೊಡೆದ ಮೇಲೆ ಆ ವೇಗವನ್ನು ತಡೆಯುವ ಬ್ರೇಕ್ ಹಿಂಭಾಗದ ಸಣ್ಣ ಸ್ನಾಯುಗಳು. ಅವು ಆಟದಿಂದ ಅಷ್ಟೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಹೊರಕ್ಕೆ ತಿರುಗಿಸುವ ಬಲವು ಒಳಕ್ಕೆ ತಿರುಗಿಸುವ ಬಲದ ಕನಿಷ್ಠ ಮೂರನೇ ಎರಡು ಭಾಗವಾದರೂ ಇರಬೇಕು ಎಂಬುದು ಭೌತಚಿಕಿತ್ಸಕರ ಸಾಮಾನ್ಯ ಲೆಕ್ಕ. ಪುಷ್‌ಅಪ್ ಕೆಟ್ಟದ್ದಲ್ಲ, ಆದರೆ ಈಗಾಗಲೇ ಬಲವಿರುವ ಕಡೆಗೇ ಅದು ಇನ್ನಷ್ಟು ಬಲ ತುಂಬುತ್ತದೆ.

ಒಂದು ಅಳತೆ ಮನೆಯಲ್ಲೇ ತೆಗೆಯಬಹುದು. ಮಗುವನ್ನು ಅಂಗಾತ ಮಲಗಿಸಿ, ತೋಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಚಾಚಿಸಿ, ಮುಂಗೈ ಮೇಲ್ಮುಖವಾಗಿ ನೆಟ್ಟಗೆ ನಿಲ್ಲುವಂತೆ ಮೊಣಕೈ ಮಡಿಸಿ. ಭುಜದ ಮುಂಭಾಗವನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಹಿಡಿದು, ಮುಂಗೈಯನ್ನು ಕಾಲಿನ ಕಡೆಗೆ ಬಾಗಿಸಿ. ಭುಜ ಏಳಲು ಶುರುವಾದಲ್ಲಿ ನಿಲ್ಲಿಸಿ. ಆಮೇಲೆ ತಲೆಯ ಕಡೆಗೆ ಬಾಗಿಸಿ. ಮೊಬೈಲ್‌ನ ಕೋನಮಾಪಕ ಆ್ಯಪ್ ಮುಂಗೈ ಮೇಲಿಟ್ಟರೆ ಡಿಗ್ರಿ ಸಿಗುತ್ತದೆ. ಎರಡೂ ಕೈ ಅಳೆದು, ಎರಡು ದಿಕ್ಕಿನ ಅಂಕಿ ಕೂಡಿಸಿ. ಎಡಗೈ 65 ಮತ್ತು 95 ಸೇರಿ 160, ಬಲಗೈ 50 ಮತ್ತು 110 ಸೇರಿ 160 ಬಂದರೆ ಚಿಂತೆಯಿಲ್ಲ, ಟೆನಿಸ್ ಆಡುವ ಕೈ ಹಾಗೆಯೇ ಇರುತ್ತದೆ. ಬಲಗೈ 40 ಮತ್ತು 105 ಸೇರಿ 145ಕ್ಕೇ ನಿಂತರೆ ಭುಜದ ಹಿಂಭಾಗ ಬಿಗಿದಿದೆ ಎಂದರ್ಥ. ಆಗ ಆಟ ಮುಗಿದ ಮೇಲೆ ಬಲಮಗ್ಗುಲಿಗೆ ಮಲಗಿ, ಬಲ ಮೊಣಕೈಯನ್ನು ಎಡಗೈಯಿಂದ ಎದೆಗೆ ಅಡ್ಡಲಾಗಿ ಎಳೆದು 30 ಸೆಕೆಂಡ್ ಹಿಡಿಯಲಿ, ಮೂರು ಸಲ. ಎಳೆತ ಹಿಂದೆ ಗೊತ್ತಾಗಬೇಕು. ಭುಜದ ಮುಂದೆ ಚುಚ್ಚಿದರೆ ಬಿಟ್ಟುಬಿಡಿ.

ಈಗ ಬಲದ ಮಾತು. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಎಡಮಗ್ಗುಲಿಗೆ ಮಲಗಿ, ಸುತ್ತಿದ ಟವೆಲ್ಲನ್ನು ಬಲ ಮೊಣಕೈ ಮತ್ತು ಪಕ್ಕೆಯ ನಡುವೆ ಇಟ್ಟು, ಮೊಣಕೈ 90 ಡಿಗ್ರಿ ಮಡಿಸಿ, ಅರ್ಧ ಕೆಜಿ ಡಂಬೆಲ್ ಹಿಡಿದು ಮುಂಗೈಯನ್ನು ಹೊಟ್ಟೆಯಿಂದ ಮೇಲಕ್ಕೆ ಎತ್ತುವುದು. ನೆಲಕ್ಕೆ ಸಮಾನಾಂತರವಾಗಿ ಬಂದು ಸ್ವಲ್ಪ ಮೇಲೆ ಹೋದರೆ ಸಾಕು. ಎತ್ತಲು ಒಂದು ಸೆಕೆಂಡ್, ಇಳಿಸಲು ಮೂರು. ಈ ನಿಧಾನದ ಇಳಿಕೆಯೇ ಬ್ರೇಕ್‌ಗೆ ಸಿಗುವ ತರಬೇತಿ, ಇದನ್ನು ಅವಸರದಲ್ಲಿ ಮುಗಿಸಿದರೆ ಅರ್ಧ ಲಾಭ ಹೋಯಿತು. 15ರಂತೆ ಮೂರು ಸೆಟ್, ನಡುವೆ ಒಂದು ನಿಮಿಷ ವಿಶ್ರಾಂತಿ. ಟವೆಲ್ ಜಾರಿ ಬಿದ್ದರೆ, ಮೈ ಹಿಂದಕ್ಕೆ ಹೊರಳಿದರೆ, ಮಣಿಕಟ್ಟು ಹಿಂದಕ್ಕೆ ಮಡಿಸಿಕೊಂಡರೆ ತೂಕ ಹೆಚ್ಚಾಗಿದೆ. ಭಾರ ಹೆಚ್ಚಾದಷ್ಟೂ ಭುಜದ ದೊಡ್ಡ ಸ್ನಾಯುಗಳು ಕೆಲಸ ಕಸಿದುಕೊಳ್ಳುತ್ತವೆ, ಸಣ್ಣವು ಸಣ್ಣವಾಗಿಯೇ ಉಳಿಯುತ್ತವೆ. ಈ ವಯಸ್ಸಿಗೆ ಒಂದೂವರೆ ಕೆಜಿ ದಾಟುವ ಅಗತ್ಯ ಕಾಣುವುದಿಲ್ಲ.

ಇದರ ಜೊತೆಗೆ ಬೋರಲು ಮಲಗಿ, ಮಂಚದ ಅಂಚಿನಿಂದ ಇಳಿಬಿಟ್ಟ ಕೈಯನ್ನು ಹೆಬ್ಬೆರಳು ಮೇಲೆ ಮಾಡಿ ಪಕ್ಕಕ್ಕೆ ಎತ್ತುವುದು, ತೂಕವಿಲ್ಲದೆ, 12ರಂತೆ ಎರಡು ಸೆಟ್. ಭುಜದ ಮಟ್ಟಕ್ಕಿಂತ ಮೇಲೆ ಬೇಡ. ಗೋಡೆಗೆ ಪುಷ್‌ಅಪ್ ಮಾಡಿಸುವಾಗ ಹಿಂದೆ ನಿಂತು ನೋಡಿ: ಬೆನ್ನಿನ ಹಲಗೆ ಮೂಳೆಯ ಒಳಅಂಚು ರೆಕ್ಕೆಯಂತೆ ಎದ್ದು ನಿಂತರೆ ಅದನ್ನು ಹಿಡಿದಿಡುವ ಸ್ನಾಯು ಸೋತಿದೆ. ಅದಕ್ಕೆ ಕೈ ಪೂರ್ತಿ ನೀಡಿದ ಮೇಲೂ ಗೋಡೆಯನ್ನು ಇನ್ನೊಂದಿಷ್ಟು ದೂಡಿ ಎರಡು ಸೆಕೆಂಡ್ ನಿಲ್ಲಲಿ. ಎಡಗೈಗೂ ಇವೆಲ್ಲ ಆಗಲಿ.

ವಾರಕ್ಕೆ ಮೂರು ದಿನ, ಅದೂ ಆಟ ಮುಗಿದ ಮೇಲೆ. ಸಣ್ಣ ಸ್ನಾಯುಗಳನ್ನು ದಣಿಸಿ ಆಮೇಲೆ ಸರ್ವ್‌ಗೆ ಕಳಿಸುವುದು ನೋವನ್ನು ಕರೆದು ತಂದಂತೆ. ಆಟಕ್ಕೆ ಮುನ್ನ ತೆಳು ರಬ್ಬರ್ ಬ್ಯಾಂಡ್‌ನಲ್ಲಿ ಒಂದು ಹಗುರ ಸೆಟ್ ಸಾಕು. ಕೈ ಎತ್ತಿ ಭುಜದ ಮಟ್ಟದಲ್ಲಿ ಬ್ಯಾಂಡ್ ಎಳೆಯುವ ವ್ಯಾಯಾಮಕ್ಕೆ ನಾಲ್ಕರಿಂದ ಆರು ವಾರ ಕಾಯಿರಿ. ಕತ್ತಿನ ಹಿಂದೆ ತೂಕ ಇಳಿಸುವುದು, ಗದ್ದದವರೆಗೆ ತೂಕ ಎಳೆಯುವುದು ಈಗ ಬೇಡವೇ ಬೇಡ.

ಸರ್ವ್ ಕಡೆಗೂ ಕಣ್ಣಿಡಿ. ಒಳ್ಳೆಯ ಸರ್ವ್‌ನ ಸುಮಾರು ಅರ್ಧ ಶಕ್ತಿ ಕಾಲು ಮತ್ತು ನಡುವಿನಿಂದ ಬರುತ್ತದೆ. ಮೊಣಕಾಲು ಬಾಗದಿದ್ದರೆ, ಚೆಂಡನ್ನು ತಲೆಯ ಹಿಂದಕ್ಕೆ ಎಸೆಯುತ್ತಿದ್ದರೆ ಆ ಸಾಲವನ್ನು ಭುಜವೇ ತೀರಿಸಬೇಕು. ರ‍್ಯಾಕೆಟ್‌ನಲ್ಲಿ ಪೂರ್ತಿ ಪಾಲಿಯೆಸ್ಟರ್ ತಂತಿ ಇದ್ದರೆ ಬದಲಿಸಿ ಮೃದು ತಂತಿ ಹಾಕಿಸಿ. ಎತ್ತರ ಸರ್ರನೆ ಏರುತ್ತಿರುವ ತಿಂಗಳುಗಳಲ್ಲಿ ಸರ್ವ್ ಸಂಖ್ಯೆ ಏರಿಸಬೇಡಿ.

ಸದ್ಯಕ್ಕೆ ಸರ್ವ್ ನಿಲ್ಲಿಸಿ, ನೋವಿಲ್ಲದಿದ್ದರೆ ನೆಲದ ಹೊಡೆತಗಳು, ಅಂದರೆ ಚೆಂಡು ನೆಲಕ್ಕೆ ಪುಟಿದ ಮೇಲೆ ಹೊಡೆಯುವವು, ನಡೆಯಲಿ. ಎರಡು ವಾರ ನೋವು ಸುಳಿಯದಿದ್ದರೆ ದಿನ ಬಿಟ್ಟು ದಿನ, ಅರ್ಧ ವೇಗದಲ್ಲಿ 20 ಸರ್ವ್‌ನಿಂದ ಆರಂಭಿಸಿ. ಮರುದಿನ ಬೆಳಿಗ್ಗೆ ಭುಜ ಹಗುರವಾಗಿದ್ದರೆ ಮಾತ್ರ ಮುಂದಿನ ಸಲ 10 ಸೇರಿಸಿ, 60 ತಲುಪಿದ ಮೇಲೆ ವೇಗ ಏರಿಸಿ. ಸಂಖ್ಯೆ ಮತ್ತು ವೇಗ ಎರಡನ್ನೂ ಒಂದೇ ವಾರ ಹೆಚ್ಚಿಸಬೇಡಿ. ನೋವು ಮರಳಿದರೆ ಒಂದು ಹಂತ ಹಿಂದಕ್ಕೆ, ಎರಡನೇ ಸಲವೂ ಮರಳಿದರೆ ನೇರ ವೈದ್ಯರ ಬಳಿಗೆ.