ಎಸ್‌ಪಿ ರೋಡ್‌ನ ಅಗ್ಗದ ಲಿಥಿಯಂ ಪ್ಯಾಕ್ ತಗೋಬಹುದಾ?

ವಿಜಯನಗರದ ಮನೆಯ 3 ಕಿಲೋವಾಟ್ ಸೋಲಾರ್‌ಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡ್‌ನಲ್ಲಿ ಜೋಡಿಸಿಕೊಡುವ ಅಗ್ಗದ ಲಿಥಿಯಂ ಬ್ಯಾಟರಿ ಪ್ಯಾಕ್ ಸಾಕಾ ಅಂತ ಕೇಳಿದ್ದೀರಿ. ಬೆಲೆಗಿಂತ ಮೊದಲು ಒಳಗಿನ ಸೆಲ್ ಯಾವುದು ಅಂತ ಕೇಳಿ. ಮನೆಗೆ ಲಿಥಿಯಂ ಐರನ್ ಫಾಸ್ಫೇಟೇ ಸರಿ. ಇನ್ನೊಂದು ಬಗೆಯ ಲಿಥಿಯಂ ಸೆಲ್ ಆದ ಎನ್‌ಎಂಸಿಗಿಂತ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಬಿಸಿ ಚೆನ್ನಾಗಿ ತಡೆಯುತ್ತದೆ, ಬಾಳಿಕೆಯೂ ಜಾಸ್ತಿ. ಗಾಡಿಗಳಿಂದ ತೆಗೆದ ಹಳೇ ಸೆಲ್ ಆಗಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಲೇಬಲ್ ಮೇಲೆ 51.2 ವೋಲ್ಟ್, 100 ಎಎಚ್ (ಆಂಪಿಯರ್-ಅವರ್) ಅಂತಿದ್ದರೆ 3.2 ವೋಲ್ಟ್‌ನ 16 ಸೆಲ್‌ಗಳ ಸಾಲು, ಅದರಲ್ಲಿ ಹಿಡಿಯೋದು ಸುಮಾರು 5 ಯೂನಿಟ್ ಕರೆಂಟ್.

ಜಾಸ್ತಿ ಜನ ಎಡವೋದು ಬಿಎಂಎಸ್ ವಿಷಯದಲ್ಲಿ, ಅಂದರೆ ಸೆಲ್‌ಗಳನ್ನು ಕಾಯುವ, ಮಿತಿ ಮೀರಿದರೆ ಬ್ಯಾಟರಿಯನ್ನೇ ಕಡಿತ ಮಾಡುವ ಸರ್ಕ್ಯೂಟ್. ನಿಮ್ಮ ಇನ್ವರ್ಟರ್ ಪೂರ್ತಿ 3 ಕಿಲೋವಾಟ್ ಕೊಡುವಾಗ ಇಂಥ ಬ್ಯಾಟರಿಯಿಂದ 60 ಆಂಪಿಯರ್‌ಗೂ ಜಾಸ್ತಿ ಎಳೆಯುತ್ತದೆ. ಸಂಪ್ ಮೋಟರ್ ಸ್ಟಾರ್ಟ್ ಆಗುವ ಆ ಕ್ಷಣ ಇನ್ನೂ ಜಾಸ್ತಿ. 50 ಆಂಪಿಯರ್ ಬಿಎಂಎಸ್ ಹಾಕಿದ್ದರೆ ಮೋಟರ್ ಸ್ವಿಚ್ ಒತ್ತಿದ ತಕ್ಷಣ ಮನೆಯೆಲ್ಲಾ ಕತ್ತಲು. ಸತತ 100 ಆಂಪಿಯರ್ ಕೊಡುವುದನ್ನೇ ಕೇಳಿ.

ಬಿಎಂಎಸ್ ನಿಮ್ಮ ಇನ್ವರ್ಟರ್ ಜೊತೆ ಕ್ಯಾನ್ (CAN) ಅಥವಾ ಆರ್‌ಎಸ್485 ಅನ್ನೋ ಡೇಟಾ ಕೇಬಲ್‌ನಲ್ಲಿ ಮಾತಾಡುತ್ತದಾ ಅಂತ ಅಂಗಡಿಯಲ್ಲೇ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಚಾರ್ಜಿಂಗ್ ವೋಲ್ಟೇಜ್ ಕೈಯಾರೆ ಹೊಂದಿಸಬೇಕು. 51.2 ವೋಲ್ಟ್ ಪ್ಯಾಕ್‌ಗೆ 58.4 ವೋಲ್ಟ್ ದಾಟಬಾರದು, ಲೆಡ್ ಆಸಿಡ್ ಬ್ಯಾಟರಿಗೆ ಇರುವ ಈಕ್ವಲೈಸ್ (ಹೆಚ್ಚು ವೋಲ್ಟೇಜ್‌ನ ಚಾರ್ಜಿಂಗ್) ಆಫ್ ಇರಬೇಕು.

ದಯವಿಟ್ಟು ತಾರಸಿಯ ಶೀಟ್ ರೂಮಿನಲ್ಲಿ ಇಡಬೇಡಿ. ಏಪ್ರಿಲ್ ಬಿಸಿಲಿಗೆ ಅಲ್ಲಿ ಬ್ಯಾಟರಿ ಆಯುಸ್ಸು ಸುಮ್ನೆ ಕರಗುತ್ತದೆ. ನೆಲಮಹಡಿಯಲ್ಲಿ ಗಾಳಿಯಾಡುವ, ನೆರಳಿನ ಜಾಗ ಇದೆ ಅಲ್ವಾ? ಅಲ್ಲಿಡಿ. ಬಿಎಂಎಸ್ ಎಷ್ಟು ಆಂಪಿಯರ್ ಅಂತ ಬಿಲ್‌ನಲ್ಲೇ ಬರೆಸಿಕೊಳ್ಳಿ.